ಹೆಪಟೈಟಿಸ್ ಬಿ ಮತ್ತು ನಮ್ಮ ಹೊಟ್ಟೆನೋವು



ನಮ್ಮ ಕೂಟದ ಇ-ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಯುಗಾದಿಯಿಂದ ಕೇಳುತ್ತಲೇ ಇದ್ದಾರೆ. ಯೆಲ್ಲೋಸ್ಟೋನ್ ಪ್ರವಾಸ ಕಥನ ಬರೆಯೋಣ ಅಂದುಕೊಂಡಿದ್ದೆ. ಅದನ್ನು ಈಗಾಗಲೇ ಮೂರು ಜನ ಬರೆದಿದ್ದಾರಂತೆ! ಹಾಗಾಗಿ ಬೇರೆ ಯಾರೂ ಬರೆಯಲಾರದ ವಿಷಯವೊಂದನ್ನು ಆರಿಸಿಕೊಂಡೆ: ನನ್ನ ಲಿವರ್.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಕಂಪ್ಯೂಟರ್ ಮುಂದೆ ಕುಳಿತು ಹೊಟ್ಟೆ ಹೊರೆಯುವ ಇಂಜಿನಿಯರ್. 2019ರಿಂದ ಹೆಪಟೈಟಿಸ್ ಬಿ ಜೊತೆ ಸಂಸಾರ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮಗೆ ಏನು ಬೇಕೆಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ಅವರನ್ನು ಏನು ಕೇಳಬೇಕೆಂಬುದು ಗೊತ್ತಿದ್ದರೆ ಹದಿನೈದು ನಿಮಿಷದ ಅಪಾಯಿಂಟ್‌ಮೆಂಟ್ ದಂಡವಾಗುವುದಿಲ್ಲ.

ಆ ವರ್ಷ ರಾಜ್ಯೋತ್ಸವದ ಆಸುಪಾಸಿನಲ್ಲಿ ಇಲ್ಲೊಂದು ರಕ್ತದಾನ ಶಿಬಿರ ನಡೆಯಿತು. ನಾನೂ ಹೋಗಿ ರಕ್ತ ಕೊಟ್ಟು, ಜ್ಯೂಸ್ ಕುಡಿದು, ಕೊಟ್ಟ ಟೀ-ಶರ್ಟು ಹಾಕಿಕೊಂಡು ಬಂದೆ. ಕೆಲವು ವಾರ ಕಳೆದ ಮೇಲೆ ಒಂದು ಪತ್ರ ಬಂತು. ನಿಮ್ಮ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ಸಿನ ಗುರುತು ಸಿಕ್ಕಿದೆ, ಇನ್ನು ಮುಂದೆ ರಕ್ತದಾನ ಮಾಡಬೇಡಿ, ವೈದ್ಯರನ್ನು ಕಾಣಿ ಎಂದಿತ್ತು. ಪತ್ರ ಓದುವ ತನಕ ನನಗೆ ಯಾವ ತೊಂದರೆಯೂ ಇರಲಿಲ್ಲ. ಓದಿದ ರಾತ್ರಿಯೇ ಬಲಪಕ್ಕೆಯಲ್ಲಿ ನೋವು ಶುರುವಾಯಿತು! ಮರುದಿನ ಹೊಟ್ಟೆ ಉಬ್ಬರ, ಅದರ ಮರುದಿನ ವಾಕರಿಕೆ. ಒಂದು ವಾರದಲ್ಲಿ ನನ್ನ ಲಿವರ್ ಮುಗಿದೇಹೋಯಿತು ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಡಾಕ್ಟರು ರಕ್ತ ತೆಗೆಸಿದರು, ಅಲ್ಟ್ರಾಸೌಂಡ್ ಮಾಡಿಸಿದರು. ಲಿವರಿನಲ್ಲಿ ಸ್ವಲ್ಪ ಕೊಬ್ಬು ಬಿಟ್ಟರೆ ಬೇರೇನೂ ಇರಲಿಲ್ಲ. ನೋವು ಬಂದದ್ದು ಆಸಿಡಿಟಿಯಿಂದ: ರಾತ್ರಿ ಹತ್ತೂವರೆಗೆ ಊಟ, ಬೆಳಗ್ಗೆ ಖಾಲಿ ಹೊಟ್ಟೆಗೆ ಎರಡು ಲೋಟ ಕಾಫಿ, ಜೊತೆಗೆ ಆ ಪತ್ರ ಹುಟ್ಟಿಸಿದ ಹೆದರಿಕೆ. "ನಿನ್ನ ಹೊಟ್ಟೆ ಹೇಳುವುದನ್ನು ಲಿವರ್ ಹೇಳಿತು ಅಂದುಕೊಳ್ಳಬೇಡ, ಲಿವರ್ ಅಷ್ಟು ಸುಲಭವಾಗಿ ಬಾಯಿ ಬಿಡುವುದಿಲ್ಲ" ಎಂದರು ಡಾಕ್ಟರು. ಈ ಮಾತಿನ ಅರ್ಥ ನನಗೆ ಪೂರ್ತಿ ಆಗಿದ್ದು ಊರಿಗೆ ಫೋನ್ ಮಾಡಿದ ಮೇಲೆ.

ಅಮ್ಮನಿಗೆ ಹೇಳಲೋ ಬೇಡವೋ ಎಂದು ನಾಲ್ಕು ದಿನ ಒದ್ದಾಡಿ ಕೊನೆಗೆ ಹೇಳಿದೆ. ಆಕೆ ಒಂದು ನಿಮಿಷ ಸುಮ್ಮನಿದ್ದು, "ನಿಮ್ಮ ಮಾವನಿಗೂ ಲಿವರ್‌ದೇ ಅಲ್ವೇನೋ ಆಗಿದ್ದು" ಎಂದಳು. ನನ್ನ ಸೋದರಮಾವ ತಿಪಟೂರು ಕಡೆ ತೆಂಗಿನ ತೋಟ ಮಾಡಿಕೊಂಡಿದ್ದವರು. 2008ರಲ್ಲಿ ತೀರಿಕೊಂಡಾಗ ಐವತ್ತೂ ದಾಟಿರಲಿಲ್ಲ. ಅವರಿಗೆ ಒಂದು ದಿನವೂ ಹೊಟ್ಟೆ ನೋವು ಬಂದದ್ದಿಲ್ಲ. ಪಂಚೆ ಸೊಂಟಕ್ಕೆ ಬಿಗಿಯಾಗುತ್ತಿದೆ ಎಂದಾಗ ಎಲ್ಲರೂ ಬೊಜ್ಜು ಬಂತು ಅಂದುಕೊಂಡರು. ಆಮೇಲೆ ಕಾಲು ಊದಿತು. ಒಂದು ರಾತ್ರಿ ರಕ್ತ ವಾಂತಿಯಾಯಿತು. ಆಸ್ಪತ್ರೆಗೆ ಸೇರಿಸಿದಾಗ ಹೊಟ್ಟೆಯ ತುಂಬ ನೀರು. ಜಲೋದರ ಎಂದರು. ಲಿವರ್ ಹೋಗಿದೆ ಅಂದ ಕೂಡಲೇ ಊರಿನವರಿಗೆ ಕಾರಣ ಗೊತ್ತಾಗಿಹೋಯಿತು: ಕದ್ದು ಕುಡಿಯುತ್ತಿದ್ದಿರಬೇಕು! ಮಾವ ಹೆಂಡ ಮುಟ್ಟಿದವರಲ್ಲ. ಆದರೂ ಆ ಮಾತನ್ನು ನಮ್ಮ ಅತ್ತೆ ಹನ್ನೊಂದು ವರ್ಷ ಕೇಳಿಸಿಕೊಂಡರು.

ನನ್ನ ಫೋನಾದ ಮೇಲೆ ತಮ್ಮ ಅತ್ತೆಯ ಮನೆಗೆ ಹೋಗಿ ಬೀರುವಿನಲ್ಲಿದ್ದ ಹಳೆಯ ಫೈಲು ತೆಗೆದು ಒಂದೊಂದೇ ಹಾಳೆಯ ಫೋಟೋ ಕಳಿಸಿದ. ಡಿಸ್ಚಾರ್ಜ್ ಸಮ್ಮರಿಯ ಎರಡನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಎಚ್‌ಬಿಎಸ್‌ಎಜಿ ರಿಯಾಕ್ಟಿವ್ ಎಂದು ಅಚ್ಚಾಗಿತ್ತು. ಅಂದರೆ ಹೆಪಟೈಟಿಸ್ ಬಿ. ಮಾವನ ಒಡಹುಟ್ಟಿದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಆಗ ಯಾರೂ ಹೇಳಲಿಲ್ಲ. ಹೇಳಿದ್ದರೂ ನಮಗೆ ಅರ್ಥವಾಗುವಂತೆ ಹೇಳಲಿಲ್ಲ. ಅಮ್ಮನಿಗೆ ಪರೀಕ್ಷೆಯಾದದ್ದು 2020ರ ಜನವರಿಯಲ್ಲಿ. ಪಾಸಿಟಿವ್.

ಈಗ ವಿಷಯಕ್ಕೆ ಬರುತ್ತೇನೆ. ಅಜ್ಜಿಯಿಂದ ಅಮ್ಮನಿಗೆ, ಮಾವನಿಗೆ, ಅಮ್ಮನಿಂದ ನನಗೆ ಬಂದಿರಬೇಕು ಎಂಬುದು ಡಾಕ್ಟರ ಅಂದಾಜು. ಈ ವೈರಸ್ ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ. ಅಂಟಿದ ವಯಸ್ಸು ಇಲ್ಲಿ ಬಹಳ ಮುಖ್ಯ. ದೊಡ್ಡವರಾದ ಮೇಲೆ ಅಂಟಿದರೆ ನೂರಕ್ಕೆ ತೊಂಬತ್ತೈದು ಮಂದಿಯ ದೇಹ ಅದನ್ನು ತಾನೇ ಓಡಿಸುತ್ತದೆ, ಆಗ ಕಾಮಾಲೆ ಬಂದರೂ ಬರಬಹುದು. ಹುಟ್ಟುವಾಗಲೇ ಅಂಟಿದ ಮಕ್ಕಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಯಲ್ಲಿ ಅದು ಜೀವನಪರ್ಯಂತ ಉಳಿದುಬಿಡುತ್ತದೆ. ಎಳೆಯ ದೇಹ ಅದನ್ನು ಶತ್ರು ಎಂದು ಗುರುತಿಸುವುದೇ ಇಲ್ಲ, ಮನೆಯವನೇ ಅಂದುಕೊಂಡು ಬಿಟ್ಟುಬಿಡುತ್ತದೆ. ಗಲಾಟೆ ಇಲ್ಲ, ಜ್ವರ ಇಲ್ಲ, ಕಾಮಾಲೆ ಇಲ್ಲ.

ನಮ್ಮ ವಯಸ್ಸಿನವರಿಗೆ ಹುಟ್ಟಿದಾಗ ಲಸಿಕೆ ಯಾಕೆ ಸಿಗಲಿಲ್ಲ ಅಂತೀರಾ? ಅಮೆರಿಕದಲ್ಲಿ ಮೊದಲ ಲಸಿಕೆಗೆ ಒಪ್ಪಿಗೆ ಸಿಕ್ಕಿದ್ದು 1981ರಲ್ಲಿ. ನಮ್ಮ ದೇಶದಲ್ಲೇ ತಯಾರಾದದ್ದು 1997ರಲ್ಲಿ, ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಕಂಪನಿಯಿಂದ. ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಇದು ದೇಶಕ್ಕೆಲ್ಲ ಮುಟ್ಟಿದ್ದು 2011ರ ಹೊತ್ತಿಗೆ. ನಾವೆಲ್ಲ ಅದಕ್ಕೆ ಮುಂಚೆ ಹುಟ್ಟಿದವರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಜನ ಈ ವೈರಸ್ ಹೊತ್ತಿದ್ದರು, ಭಾರತವೊಂದರಲ್ಲೇ ಸುಮಾರು 3 ಕೋಟಿ. ನಮ್ಮ ಕೂಟದ ದೀಪಾವಳಿ ಊಟಕ್ಕೆ ಸೇರುವ ಮುನ್ನೂರು ಜನರಲ್ಲಿ ನಾನೊಬ್ಬನೇ ಇರಲಾರೆ. ಉಳಿದವರಿಗೆ ಗೊತ್ತಿಲ್ಲ, ಅಷ್ಟೇ.

ಇಂಜಿನಿಯರ್ ಬುದ್ಧಿ, ವೈರಸ್ ಒಳಗೆ ಏನು ಮಾಡುತ್ತದೆ ಎಂದು ಓದಿ ನೋಡಿದೆ. ಇದರ ಇಡೀ ಪ್ರೋಗ್ರಾಂ ಸುಮಾರು 3200 ಅಕ್ಷರ. ನಮ್ಮ ಮ್ಯಾನೇಜರ್ ಕಳಿಸುವ ಈಮೇಲ್ ಅದಕ್ಕಿಂತ ಉದ್ದ ಇರುತ್ತದೆ! ಅದು ಲಿವರ್ ಜೀವಕೋಶದ ನಡುಭಾಗಕ್ಕೆ ಹೋಗಿ ತನ್ನದೊಂದು ಮೂಲಪ್ರತಿ ಇಟ್ಟುಬಿಡುತ್ತದೆ, ಅದರಿಂದ ಹೊಸ ಪ್ರತಿಗಳು ಅಚ್ಚಾಗುತ್ತಲೇ ಇರುತ್ತವೆ. ಈಗಿರುವ ಮಾತ್ರೆಗಳು ಅಚ್ಚಿನ ಯಂತ್ರವನ್ನು ನಿಲ್ಲಿಸುತ್ತವೆ, ಮೂಲಪ್ರತಿಯನ್ನು ಅಳಿಸಲಾರವು. ಅದಕ್ಕೇ ಈ ಕಾಯಿಲೆಯನ್ನು ಹದ್ದುಬಸ್ತಿನಲ್ಲಿ ಇಡುತ್ತಾರೆ, ಪೂರ್ತಿ ವಾಸಿಯಾಗುವುದು ಅಪರೂಪ.

ಇನ್ನು ಲಿವರಿನ ಮೌನದ ಬಗ್ಗೆ. ಲಿವರಿನ ಒಳಗೆ ನೋವು ತಿಳಿಯುವ ನರಗಳೇ ಇಲ್ಲ. ಅದರ ಮೇಲೆ ಹೊದಿಸಿದ ತೆಳು ಪೊರೆಗೆ ಮಾತ್ರ ನೋವು ಗೊತ್ತಾಗುತ್ತದೆ, ಲಿವರ್ ಬೇಗನೆ ಊದಿ ಆ ಪೊರೆ ಎಳೆದಾಗ ಬಲಪಕ್ಕೆ ಭಾರ ಅನ್ನಿಸಬಹುದು. ನಿಧಾನವಾಗಿ, ಇಪ್ಪತ್ತು ಮೂವತ್ತು ವರ್ಷ ಹಿಡಿದು ಲಿವರ್ ಕಲೆಗಟ್ಟುತ್ತಾ ಗಟ್ಟಿಯಾಗುವಾಗ ಹೊಟ್ಟೆಗೆ ಸುಳಿವೇ ಸಿಗುವುದಿಲ್ಲ. ಆಫೀಸಿನಲ್ಲಿ ನಾವು ಸರ್ವರ್ ಸರಿ ಇದೆಯೇ ಎಂದು ತಿಳಿಯಲು ಗ್ರಾಹಕರ ಫೋನ್ ಬರಲಿ ಎಂದು ಕಾಯುವುದಿಲ್ಲ, ಲಾಗ್ ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ಹೊಟ್ಟೆ ಚೆನ್ನಾಗಿದೆ ಎಂದು ಪರೀಕ್ಷೆ ತಪ್ಪಿಸಬಾರದು, ಹೊಟ್ಟೆ ಕೆಟ್ಟಿದೆ ಎಂದು ಲಿವರ್ ಹೋಯಿತು ಅಂದುಕೊಳ್ಳಲೂ ಬಾರದು.

ನೋಡಬೇಕಾದ ಲಾಗ್ ಯಾವುದು? ಮೊದಲನೆಯದು ಇದೆಯೋ ಇಲ್ಲವೋ ತಿಳಿಯುವ ಪರೀಕ್ಷೆ. ಅದರಲ್ಲಿ ಮೂರು ಭಾಗ: ಸರ್ಫೇಸ್ ಆಂಟಿಜೆನ್ ಇದ್ದರೆ ವೈರಸ್ ಈಗ ಮೈಯಲ್ಲಿದೆ, ಸರ್ಫೇಸ್ ಆಂಟಿಬಾಡಿ ಇದ್ದರೆ ನಿಮಗೆ ರಕ್ಷಣೆ ಇದೆ, ಕೋರ್ ಆಂಟಿಬಾಡಿ ಇದ್ದರೆ ಎಂದೋ ಒಮ್ಮೆ ವೈರಸ್ ಮೈಹೊಕ್ಕಿತ್ತು. ಹದಿನೆಂಟು ದಾಟಿದ ಪ್ರತಿಯೊಬ್ಬರೂ ಜೀವನದಲ್ಲಿ ಒಮ್ಮೆಯಾದರೂ ಈ ಮೂರನ್ನೂ ಮಾಡಿಸಿಕೊಳ್ಳಬೇಕೆಂದು ಅಮೆರಿಕದ ಸಿಡಿಸಿ 2023ರಲ್ಲಿ ಸಲಹೆ ಕೊಟ್ಟಿತು. ವರ್ಷದ ಚೆಕಪ್ಪಿನಲ್ಲಿ ಮಾಮೂಲಾಗಿ ಮಾಡುವ ರಕ್ತ ಪರೀಕ್ಷೆಯಲ್ಲಿ ಇದು ಸೇರಿರುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ನಾನು ಇಲ್ಲಿಗೆ ಬಂದ ಮೇಲೆ ನಾಲ್ಕು ಚೆಕಪ್ ಮುಗಿಸಿದ್ದೆ, ಎಲ್ಲವೂ ನಾರ್ಮಲ್!

ಇದೆ ಎಂದಾದ ಮೇಲೆ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಎರಡು ಅಂಕಿ ನೋಡುತ್ತಾರೆ. ಒಂದು ಎ.ಎಲ್.ಟಿ., ಲಿವರ್ ಜೀವಕೋಶಗಳು ಒಡೆದಾಗ ರಕ್ತಕ್ಕೆ ಸೋರುವ ವಸ್ತು. ಇನ್ನೊಂದು ಡಿ.ಎನ್.ಎ. ಎಣಿಕೆ, ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬುದು. ಇದರ ಜೊತೆ ಫೈಬ್ರೋಸ್ಕ್ಯಾನ್ ಎಂಬ ಪರೀಕ್ಷೆ ಇದೆ. ಪಕ್ಕೆಯ ಮೇಲೆ ಒಂದು ಸಲಕರಣೆ ಇಟ್ಟು ಟಕ್ ಟಕ್ ಎಂದು ತಟ್ಟಿ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುತ್ತಾರೆ. ಕಲ್ಲಂಗಡಿ ಹಣ್ಣನ್ನು ಬೆರಳಲ್ಲಿ ತಟ್ಟಿ ನೋಡುವುದಿಲ್ಲವೇ, ಹಾಗೆ. ಸೂಜಿ ಇಲ್ಲ, ನೋವಿಲ್ಲ.

ಅಲ್ಟ್ರಾಸೌಂಡ್ ಬೇಕಾಗುವುದು ಬೇರೆ ಕಾರಣಕ್ಕೆ. ಹೆಪಟೈಟಿಸ್ ಬಿ ಇರುವವರಲ್ಲಿ ಲಿವರ್ ಕ್ಯಾನ್ಸರ್ ಕೆಲವೊಮ್ಮೆ ಸಿರೋಸಿಸ್ ಆಗದೆಯೂ ನೇರವಾಗಿ ಬರಬಹುದು, ಚಿಕ್ಕದಿದ್ದಾಗ ಸಿಕ್ಕಿದರೆ ತೆಗೆಯಬಹುದು. ಆದ್ದರಿಂದ ನಮ್ಮಂಥ ಏಷ್ಯಾ ಮೂಲದ ಗಂಡಸರಿಗೆ ನಲವತ್ತರ ನಂತರ, ಹೆಂಗಸರಿಗೆ ಐವತ್ತರ ನಂತರ, ಸಿರೋಸಿಸ್ ಆಗಿದ್ದರೆ ಅಥವಾ ಮನೆಯಲ್ಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಆಗಿದ್ದರೆ ಅದಕ್ಕೂ ಮುಂಚೆಯೇ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಲು ಹೇಳುತ್ತಾರೆ.

ಅಮ್ಮನ ವಿಷಯದಲ್ಲಿ ಏನಾಯಿತು ಕೇಳಿ. ಆಕೆಗೆ ಹತ್ತು ವರ್ಷದಿಂದ 'ಗ್ಯಾಸ್'. ಜೀರಿಗೆ ಕಷಾಯ, ಓಂಕಾಳು, ಗ್ಯಾಸ್ ಮಾತ್ರೆ ಎಲ್ಲ ಆಗಿತ್ತು. ಊಟವಾದ ಮೇಲೆ ಬಲಗಡೆ ಹಿಡಿದುಕೊಳ್ಳುತ್ತಿತ್ತು. ಸ್ಕ್ಯಾನ್ ಮಾಡಿದರೆ ಪಿತ್ತಕೋಶದಲ್ಲಿ ಕಲ್ಲುಗಳು! ನೋವಿಗೆ ಕಾರಣ ಅವು. ಆದರೆ ಅದೇ ಹೊತ್ತಿಗೆ ಮಾಡಿಸಿದ ಫೈಬ್ರೋಸ್ಕ್ಯಾನ್‌ನಲ್ಲಿ ಲಿವರ್ ಸಿರೋಸಿಸ್‌ನ ಹೊಸ್ತಿಲಿಗೆ ಬಂದು ನಿಂತಿತ್ತು. ನೋಯುತ್ತಿದ್ದದ್ದು ಒಂದು, ಹಾಳಾಗುತ್ತಿದ್ದದ್ದು ಇನ್ನೊಂದು. ನಮ್ಮ ಜನಕ್ಕೆ ಹೊಟ್ಟೆಯ ಎಲ್ಲ ತೊಂದರೆಗೂ ಗ್ಯಾಸ್ ಎಂಬ ಒಂದೇ ಹೆಸರಿದೆ. ಊಟಕ್ಕೆ ಸಂಬಂಧವಿದೆಯೇ, ಎಲ್ಲಿ ಹಿಡಿಯುತ್ತದೆ, ಎಷ್ಟು ಹೊತ್ತು ಎಂದು ಬಿಡಿಸಿ ಹೇಳಿದರೆ ಡಾಕ್ಟರಿಗೆ ಅರ್ಧ ಕೆಲಸ ಕಡಿಮೆ. ಹುಳಿತೇಗು, ಎದೆಯುರಿ, ಹಾಲು ಕುಡಿದರೆ ಉಬ್ಬರ, ಮಲಬದ್ಧತೆ ಇವೆಲ್ಲ ಹೆಪಟೈಟಿಸ್ ಬಿ ಇರುವವರಿಗೂ ಬೇರೆಯವರಿಗೆ ಬಂದ ಹಾಗೆಯೇ ಬರುತ್ತವೆ. ಅವಕ್ಕೆ ಬೇರೆ ಮದ್ದು ಇದೆ.

ಆದರೆ ಕೆಲವಕ್ಕೆ ನಾಳೆ ನೋಡೋಣ ಅನ್ನಬಾರದು. ಕಣ್ಣಿನ ಬಿಳಿ ಹಳದಿಯಾಗುವುದು, ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು, ತಿಂಡಿಯ ವಾಸನೆಗೇ ವಾಕರಿಕೆ ಬರುವುದು ವೈರಸ್ ದಿಢೀರನೆ ಕೆರಳಿದ ಲಕ್ಷಣವಿರಬಹುದು. ಆ ದಿನವೇ ಡಾಕ್ಟರಿಗೆ ಫೋನ್ ಮಾಡಬೇಕು. ಕೈಕಾಲು ಸಣಕಲಾಗುತ್ತಾ ಹೊಟ್ಟೆ ಮಾತ್ರ ದೊಡ್ಡದಾಗುತ್ತಿದ್ದರೆ, ಸಂಜೆ ಹೊತ್ತಿಗೆ ಪಾದ ಊದಿ ಬೆರಳೊತ್ತಿದರೆ ಗುಳಿ ಬೀಳುತ್ತಿದ್ದರೆ ಅದೂ ಹಾಗೆಯೇ. ಇನ್ನು ರಕ್ತ ವಾಂತಿ, ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ, ಹಗಲು ನಿದ್ದೆ ರಾತ್ರಿ ಎಚ್ಚರವಾಗಿ ಮಾತು ತಡವರಿಸುವುದು, ನೀರು ತುಂಬಿದ ಹೊಟ್ಟೆಯಲ್ಲಿ ನೋವಿನ ಜೊತೆ ಜ್ವರ, ಇವುಗಳಲ್ಲಿ ಯಾವುದಾದರೂ ಕಂಡರೆ ನೇರ ಎಮರ್ಜೆನ್ಸಿಗೆ. ಕಬ್ಬಿಣದ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ, ನಿಜ. ಆದರೆ ಆ ವ್ಯತ್ಯಾಸ ಕಂಡುಹಿಡಿಯುವ ಕೆಲಸ ಆಸ್ಪತ್ರೆಯವರಿಗೆ ಬಿಡಿ.

ಮಾತ್ರೆ ಎಲ್ಲರಿಗೂ ಬೇಕಿಲ್ಲ. ನನ್ನ ವೈರಸ್ ಎಣಿಕೆ ಕಡಿಮೆ ಇದೆ, ಎ.ಎಲ್.ಟಿ. ಸರಿ ಇದೆ, ಹಾಗಾಗಿ ನನಗೆ ಈ ತನಕ ಬರೀ ಕಣ್ಗಾವಲು. ಅಮ್ಮನಿಗೆ ದಿನಕ್ಕೊಂದು ಟೆನೋಫೋವಿರ್. ಎಂಟೆಕಾವಿರ್ ಎಂಬ ಇನ್ನೊಂದಿದೆ, ಅದನ್ನು ಊಟದಿಂದ ಎರಡು ಗಂಟೆ ದೂರ ಇಟ್ಟು ಖಾಲಿ ಹೊಟ್ಟೆಗೆ ತೆಗೆದುಕೊಳ್ಳಬೇಕು. ವರ್ಷಾನುಗಟ್ಟಲೆ ಮಾತ್ರೆ ನಡೆದರೆ ಲಿವರಿನ ಕಲೆ ಎಷ್ಟೋ ಮಂದಿಯಲ್ಲಿ ಹಿಮ್ಮೆಟ್ಟುತ್ತದೆ. ಆದರೆ ಒಂದು ಎಚ್ಚರಿಕೆ: ಅಂಕಿ ಚೆನ್ನಾಗಿ ಬಂತು ಎಂದು ನಾವೇ ಮಾತ್ರೆ ನಿಲ್ಲಿಸಿದರೆ ವೈರಸ್ ಒಮ್ಮೆಲೇ ಏಳುತ್ತದೆ, ಕೆಲವೊಮ್ಮೆ ಪ್ರಾಣಕ್ಕೇ ಬರುತ್ತದೆ. ಊರಿಗೆ ಆರು ವಾರ ಹೋಗುವಾಗ ಎಂಟು ವಾರದ ಮಾತ್ರೆ ಕೈಚೀಲದಲ್ಲಿರಲಿ, ಚೆಕ್-ಇನ್ ಬ್ಯಾಗಿನಲ್ಲಿ ಅಲ್ಲ. ಊರಿನಲ್ಲಿರುವ ನಮ್ಮವರಿಗೆ ಭಾರತ ಸರ್ಕಾರದ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಂದು ಶುರುವಾಯಿತು, ಅದರ ಕೇಂದ್ರಗಳಲ್ಲಿ ಪರೀಕ್ಷೆ ಮತ್ತು ಮಾತ್ರೆ ಉಚಿತ. ಇನ್ನೊಂದು ಮಾತು. 2024ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಯಾರಿಗೆ ಮಾತ್ರೆ ಕೊಡಬಹುದು ಎಂಬ ಮಿತಿಯನ್ನು ಸಡಿಲಿಸಿತು. ನೀವು ಬರೀ ಕ್ಯಾರಿಯರ್, ಏನೂ ಬೇಡ ಎಂದು ಹಿಂದೆಂದೋ ಹೇಳಿಸಿಕೊಂಡು ಬಂದವರು ಮತ್ತೊಮ್ಮೆ ಕೇಳುವುದು ಒಳ್ಳೆಯದು. ಬೇರೆ ಯಾವುದಾದರೂ ಕಾಯಿಲೆಗೆ ಸ್ಟಿರಾಯ್ಡ್ ಅಥವಾ ಕೀಮೋಥೆರಪಿ ಶುರು ಮಾಡುವ ಮುನ್ನ ಹೆಪಟೈಟಿಸ್ ಬಿ ವಿಷಯ ಹೇಳಲೇಬೇಕು, ಅವು ಮಲಗಿದ ವೈರಸ್ಸನ್ನು ಎಬ್ಬಿಸುತ್ತವೆ.

ನಮ್ಮೂರ ಔಷಧಿ ಬಗ್ಗೆ ಕೇಳದೆ ನೀವು ಬಿಡುವುದಿಲ್ಲ ಎಂದು ಗೊತ್ತು! ವಿಷಯ ತಿಳಿದ ವಾರದಲ್ಲೇ ನನಗೆ ನೆಲನೆಲ್ಲಿ ಪುಡಿ ಪಾರ್ಸೆಲ್ ಬಂತು. ಇದು ಬರೀ ಅಜ್ಜಿ ಮದ್ದಲ್ಲ. ಈ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಕೂಡ ಚೆನ್ನೈನ ವಿಜ್ಞಾನಿಗಳ ಜೊತೆ ಸೇರಿ ನೆಲನೆಲ್ಲಿಯನ್ನು ಪರೀಕ್ಷಿಸಿದ್ದರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆ ಫಲಿತಾಂಶ ಬಹಳ ಆಸೆ ಹುಟ್ಟಿಸಿತ್ತು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಅದು ಮತ್ತೆ ಸಿಗಲಿಲ್ಲ. (ಅಂದ ಹಾಗೆ, ಜುಲೈ 28 ಬ್ಲಂಬರ್ಗ್ ಹುಟ್ಟಿದ ದಿನ. ವಿಶ್ವ ಹೆಪಟೈಟಿಸ್ ದಿನ ಅಂದೇ.) ನೆಲನೆಲ್ಲಿ ಕೈ ಹಿಡಿಯಲಿಲ್ಲ, ಅಷ್ಟೇ. ಆದರೆ ಅಶ್ವಗಂಧ, ಅಮೃತಬಳ್ಳಿ, ಅರಿಶಿನದ ಕ್ಯಾಪ್ಸೂಲ್ ಇವುಗಳಿಂದ ಲಿವರಿಗೇ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಸಾರಿಗೆ ಹಾಕುವ ಅರಿಶಿನದ ಮಾತು ಬೇರೆ, ಅದನ್ನು ಧಾರಾಳವಾಗಿ ಹಾಕಿ.

ಪಥ್ಯ ಅಂತ ದೊಡ್ಡದೇನಿಲ್ಲ. ಎಣ್ಣೆ ಬಿಟ್ಟು, ಉಪ್ಪು ಬಿಟ್ಟು ಗಂಜಿ ಕುಡಿಯಬೇಕಾಗಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಮಾತ್ರ ಉಪ್ಪು ಕಡಿಮೆ. ಮದ್ಯ ಪೂರ್ತಿ ಬಂದ್, ವೀಕೆಂಡ್ ಬಿಯರೂ ಸೇರಿ. ತೂಕ ಮತ್ತು ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ, ಕೊಬ್ಬಿದ ಲಿವರಿಗೆ ವೈರಸ್ಸೂ ಸೇರಿದರೆ ಎರಡೇಟು. ಬೂಷ್ಟು ಹಿಡಿದ ಕಡಲೆಕಾಯಿಯನ್ನು ಆರಿಸಿ ತಿನ್ನದೆ ಡಬ್ಬಿಯನ್ನೇ ಎಸೆಯಿರಿ. ಆ ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಹೆಪಟೈಟಿಸ್ ಬಿ ಜೊತೆ ಸೇರಿದರೆ ಲಿವರ್ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ಸಿರೋಸಿಸ್ ಇರುವವರು ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಮುಟ್ಟಬಾರದು, ಟೈಲೆನಾಲ್ ಎಷ್ಟು ಎಂದು ಡಾಕ್ಟರನ್ನು ಕೇಳಿಕೊಳ್ಳಬೇಕು. ನೆಗಡಿ ಔಷಧಿಯಲ್ಲೂ ಅದು ಬಚ್ಚಿಟ್ಟುಕೊಂಡಿರುತ್ತದೆ. ಕೊನೆಗೊಂದು ಸಂತೋಷದ ಸುದ್ದಿ: ಕಾಫಿ ಕುಡಿಯುವವರಲ್ಲಿ ಲಿವರ್ ಕಲೆಗಟ್ಟುವುದು ಕಡಿಮೆ ಎಂದು ಹಲವು ಅಧ್ಯಯನಗಳು ಹೇಳಿವೆ. ಆಸಿಡಿಟಿ ಕೊಟ್ಟ ಅದೇ ಕಾಫಿ! ಈಗ ತಿಂಡಿಯಾದ ಮೇಲೆ ಕುಡಿಯುತ್ತೇನೆ.

ಮನೆಯವರ ಬಗ್ಗೆ ಹೇಳಲೇಬೇಕು, ಯಾಕೆಂದರೆ ಹೆದರಿಕೆ ಹೆಚ್ಚು ಅಲ್ಲೇ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ, ಮಗುವನ್ನು ಮುದ್ದಾಡಿದರೆ, ಕೆಮ್ಮಿದರೆ ಇದು ಅಂಟುವುದಿಲ್ಲ. ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಮಾತ್ರ ಬೇರೆ ಇರಬೇಕು. ಒಣಗಿದ ರಕ್ತದಲ್ಲೂ ವೈರಸ್ ಒಂದು ವಾರ ಬದುಕಿರುತ್ತದೆ. ನನ್ನ ಹೆಂಡತಿಗೆ ಸೋಂಕೂ ಇರಲಿಲ್ಲ, ರಕ್ಷಣೆಯೂ ಇರಲಿಲ್ಲ. ಮೂರು ಡೋಸ್ ಲಸಿಕೆ ಹಾಕಿಸಿ, ಕೊನೆಯ ಡೋಸಾದ ಮೇಲೆ ರಕ್ಷಣೆ ಬಂತೇ ಎಂದು ಪರೀಕ್ಷಿಸಿದರು, ಬಂದಿತ್ತು. 2017ರಲ್ಲಿ ಇಲ್ಲೇ ಹುಟ್ಟಿದ ಮಗಳಿಗೆ ಹುಟ್ಟಿದ ದಿನವೇ ಲಸಿಕೆ ಆಗಿತ್ತು. ಗರ್ಭಿಣಿಗೆ ಹೆಪಟೈಟಿಸ್ ಬಿ ಇದ್ದರೆ ಹೆರಿಗೆಯಾದ ಹನ್ನೆರಡು ಗಂಟೆಯೊಳಗೆ ಮಗುವಿಗೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಎಂಬ ಇನ್ನೊಂದು ಚುಚ್ಚುಮದ್ದನ್ನೂ ಕೊಡುತ್ತಾರೆ, ತಾಯಿಯ ವೈರಸ್ ಎಣಿಕೆ ತುಂಬ ಹೆಚ್ಚಿದ್ದರೆ ಕೊನೆಯ ಮೂರು ತಿಂಗಳು ಟೆನೋಫೋವಿರ್. ಹೀಗೆ ಮಾಡಿದರೆ ಬಹುತೇಕ ಎಲ್ಲ ಮಕ್ಕಳೂ ಪಾರಾಗುತ್ತವೆ, ಎದೆಹಾಲು ಕುಡಿಸಲೂ ಅಡ್ಡಿಯಿಲ್ಲ. ನಮ್ಮ ಅಜ್ಜಿಗೆ ಇದಾವುದೂ ಸಿಕ್ಕಿರಲಿಲ್ಲ.

ಗಲ್ಫ್ ಕಡೆ ಹೋಗುವವರಿಗೆ ಒಂದು ಮಾತು: ಅಲ್ಲಿನ ಕೆಲವು ದೇಶಗಳಲ್ಲಿ ಕೆಲಸದ ವೀಸಾಕ್ಕೆ ಈ ಪರೀಕ್ಷೆ ಇದೆ, ಹೊರಡುವ ಮುನ್ನ ನಿಯಮ ನೋಡಿಕೊಳ್ಳಿ. ಅಮೆರಿಕದಲ್ಲಿ ಈ ಕಾಯಿಲೆ ಇದೆಯೆಂದು ಗ್ರೀನ್ ಕಾರ್ಡ್ ನಿರಾಕರಿಸುವುದಿಲ್ಲ. ಆ ಭಯದಿಂದಲೇ ಪರೀಕ್ಷೆ ಮುಂದೂಡುತ್ತಿದ್ದ ಇಬ್ಬರು ಗೆಳೆಯರನ್ನು ಕಂಡಿದ್ದೇನೆ.

ತಮ್ಮನಿಗೆ ಸೋಂಕು ಇರಲಿಲ್ಲ, ಲಸಿಕೆ ಹಾಕಿಸಿಕೊಂಡ. ಅಮ್ಮನ ಲಿವರ್ ಈಗಿನ ಫೈಬ್ರೋಸ್ಕ್ಯಾನ್‌ನಲ್ಲಿ 2020ಕ್ಕಿಂತ ಮೆದುವಾಗಿದೆ. ಪಿತ್ತಕೋಶ ತೆಗೆಸಿದ ಮೇಲೆ 'ಗ್ಯಾಸ್' ಕೂಡ ಹೋಯಿತು.

ಇದನ್ನೆಲ್ಲ ಬರೆಯಲಾ ಎಂದು ಅಮ್ಮನನ್ನು ಕೇಳಿದ್ದೆ. "ನನ್ನ ಹೆಸರು ಬೇಡ. ಆದ್ರೆ ನಿಮ್ಮ ಮಾವ ಒಂದು ತೊಟ್ಟೂ ಮುಟ್ಟಿದೋನಲ್ಲ ಅಂತ ಬರಿ" ಎಂದಳು. ಹೋದ ಸಲ ಊರಿಗೆ ಹೋದಾಗ ಆ ಡಿಸ್ಚಾರ್ಜ್ ಸಮ್ಮರಿಯ ಎರಡನೇ ಪುಟವನ್ನು ಅತ್ತೆಯ ಮುಂದೆ ಇಟ್ಟು, ಆ ಸಾಲಿನ ಅರ್ಥ ಏನೆಂದು ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಆ ಹಾಳೆ ನೋಡಿದರು. "ಇದನ್ನ ಕನ್ನಡದಲ್ಲಿ ಒಂದು ಹಾಳೆ ಮೇಲೆ ಬರ್ಕೊಡಪ್ಪ, ಊರಲ್ಲಿ ನಾಲ್ಕು ಜನಕ್ಕೆ ಓದಿಸ್ತೀನಿ" ಎಂದರು. ಅವತ್ತು ಬರೆಯಲು ಶುರು ಮಾಡಿದ ಹಾಳೆಯೇ ಇಷ್ಟು ಉದ್ದವಾಗಿದೆ.